ಟಿಬೆಟಿಯನ್ ಕ್ಯಾಂಪ್‌ಗಳಲ್ಲಿ ಓದು, ದುಡಿಮೆ ಮತ್ತು ನಮ್ಮ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರಿನಿಂದ ಬೈಲಕುಪ್ಪೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಹದಿಮೂರು ವರ್ಷಗಳಿಂದ ಭಾನುವಾರಗಳಂದು ಅಲ್ಲಿನ ಒಂದು ಕ್ಯಾಂಪ್‌ಗೆ ಕನ್ನಡ ಕಲಿಸಲು ಹೋಗುತ್ತಿದ್ದೇನೆ. ನಾನು ಯಾವ ಸಂಸ್ಥೆಯ ಪದಾಧಿಕಾರಿಯೂ ಅಲ್ಲ, ಯಾರಿಂದಲೂ ಹಣ ಸಂಗ್ರಹಿಸುವುದಿಲ್ಲ. ಆದರೆ ಅಲ್ಲಿಗೆ ಹೋಗಿಬರುವವನೆಂದು ಗೊತ್ತಾದ ಮೇಲೆ ನೆಂಟರು, ಸಹೋದ್ಯೋಗಿಗಳು, ಬೆಂಗಳೂರಿನ ಮತ್ತು ಹೊರದೇಶದ ಪರಿಚಿತರು ‘ನಾವೇನಾದರೂ ಮಾಡಬಹುದೇ?’ ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕರ್ನಾಟಕದಲ್ಲಿ ಟಿಬೆಟಿಯನ್ನರ ಕ್ಯಾಂಪ್‌ಗಳು ಎಲ್ಲೆಲ್ಲಿವೆ?

ನಾಲ್ಕು ಕಡೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಎರಡು ವಸಾಹತುಗಳಿವೆ. 1960ರ ಕೊನೆಯಲ್ಲಿ ಆರಂಭವಾದದ್ದು ಒಂದು, 1969ರಲ್ಲಿ ಆರಂಭವಾದದ್ದು ಇನ್ನೊಂದು. ಉತ್ತರ ಕನ್ನಡದ ಮುಂಡಗೋಡದ ವಸಾಹತು 1966ರದು. ಹುಣಸೂರಿನ ಬಳಿಯ ಗುರುಪುರದ್ದು 1972ರದು, ಕೊಳ್ಳೇಗಾಲದ ಆಚೆ ಒಡೆಯರಪಾಳ್ಯದ್ದು 1974ರದು. ಒಂದೊಂದು ವಸಾಹತಿನೊಳಗೂ ಹಲವು ಊರುಗಳಿವೆ. ಅವುಗಳನ್ನು ಎಲ್ಲರೂ ‘ಒಂದನೇ ಕ್ಯಾಂಪ್’, ‘ನಾಲ್ಕನೇ ಕ್ಯಾಂಪ್’ ಎಂದು ನಂಬರಿನಿಂದಲೇ ಕರೆಯುತ್ತಾರೆ. ಡೇರೆಗಳು ಹೋಗಿ ಹೆಂಚಿನ ಮನೆ ಬಂದವು, ಹೆಂಚು ಹೋಗಿ ತಾರಸಿ ಬಂದಿತು. ಕ್ಯಾಂಪ್ ಎಂಬ ಮಾತು ಮಾತ್ರ ಉಳಿದುಕೊಂಡಿತು.

ಅರವತ್ತು ವರ್ಷ ದಾಟಿದರೂ ಇನ್ನೂ ಕ್ಯಾಂಪ್ ಎಂದೇ ಏಕೆ ಕರೆಯುತ್ತಾರೆ?

ಏಕೆಂದರೆ ಕಾಲಡಿಯ ನೆಲ ಅವರದಲ್ಲ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಅವರು ಲ್ಹಾಸಾ ಬಿಟ್ಟು ಭಾರತಕ್ಕೆ ಬಂದಾಗ ಅವರ ಹಿಂದೆ ಸುಮಾರು 80 ಸಾವಿರ ಜನ ಗಡಿ ದಾಟಿದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ದುವಾರ್‌ನ ಶಿಬಿರಗಳಲ್ಲಿ ಮೊದಲು ಉಳಿದರು. ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ನೆಲವನ್ನು ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಆನೆ ಓಡಾಡುವ ಕಾಡಿನಲ್ಲಿ ಮರ ಕಡಿದು, ಬೇರು ಕಿತ್ತು, ಬಿಸಿಲಿಗೂ ಜ್ವರಕ್ಕೂ ತಮ್ಮವರನ್ನು ಕಳೆದುಕೊಂಡು ಹೊಲ ಮಾಡಿಕೊಂಡರು. ಮುಂಡಗೋಡದ ವಸಾಹತು ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು, ಕ್ಯಾಂಪ್‌ನ ಹಿರಿಯರು ಈಗಲೂ ಅವರ ಹೆಸರನ್ನು ಕೃತಜ್ಞತೆಯಿಂದ ಹೇಳುತ್ತಾರೆ.

ಆ ನೆಲ ಇಂದಿಗೂ ಗುತ್ತಿಗೆಯದೇ. ಕೇಂದ್ರ ಸರ್ಕಾರದ 2014ರ ಟಿಬೆಟಿಯನ್ ಪುನರ್ವಸತಿ ನೀತಿಯೂ 20 ವರ್ಷದ ಗುತ್ತಿಗೆಯ ಮಾತನ್ನೇ ಆಡುತ್ತದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಇವರು ನೋಂದಣಿ ಪ್ರಮಾಣಪತ್ರ ಹೊಂದಿರುವ ವಿದೇಶಿಯರು. ಎಲ್ಲರೂ ‘ಆರ್‌ಸಿ’ ಎನ್ನುವ ಆ ಪುಸ್ತಕವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಇಲ್ಲಿ ಹುಟ್ಟಿದವರು ಜನ್ಮದಿಂದಲೇ ಭಾರತೀಯರೆಂದು ಪೌರತ್ವ ಕಾಯ್ದೆ ಹೇಳುತ್ತದೆ. ಅದನ್ನು ಕೆಲವರು ಪಡೆದುಕೊಂಡಿದ್ದಾರೆ, ಹಲವರು ಪಡೆದಿಲ್ಲ. ಪಡೆಯದವರಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದು ಇಷ್ಟೇ: ‘ಈ ಪುಸ್ತಕವನ್ನು ಹಿಂದಕ್ಕೆ ಕೊಟ್ಟರೆ ನಾನು ಎಲ್ಲಿಂದ ಬಂದೆ ಎಂಬುದನ್ನೂ ಕೊಟ್ಟಂತೆ.’

ಓದಿಗೂ ದುಡಿಮೆಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಮುಂದಿನ ಹೆಚ್ಚಿನ ಉತ್ತರಗಳು ಇಲ್ಲಿಂದಲೇ ಹುಟ್ಟುತ್ತವೆ. ಅಡವಿಡಲು ಜಮೀನಿಲ್ಲದವನಿಗೆ ಸಾಲ ಸಿಗುವುದಿಲ್ಲ. ಪೌರನಲ್ಲದವನಿಗೆ ಸರ್ಕಾರಿ ನೌಕರಿಯಿಲ್ಲ.

ಗೋಲ್ಡನ್ ಟೆಂಪಲ್ ನೋಡಿ ಬಂದೆವು. ಅಷ್ಟು ಚಿನ್ನದ ಮೆರುಗು ಇರುವಲ್ಲಿ ನೆರವು ಯಾರಿಗೆ ಬೇಕು?

ಈ ಪ್ರಶ್ನೆ ಕೇಳದವರೇ ಇಲ್ಲ. ಪ್ರವಾಸಿಗರು ಬಸ್ಸಿನಿಂದ ಇಳಿದು ನಾಮ್‌ಡ್ರೋಲಿಂಗ್ ಮಠದ ದೊಡ್ಡ ಬುದ್ಧ ಮೂರ್ತಿಗಳ ಮುಂದೆ ನಿಂತು, ಹೊರಗೆ ಬಂದು ಮೊಮೊ ತಿಂದು, ಅದೇ ಬಸ್ಸು ಹತ್ತುತ್ತಾರೆ. ಅವರು ನೋಡುವುದು ಮಠವನ್ನು. ಮಠದ ಹಣ ಬೇರೆ, ಮನೆಯ ಹಣ ಬೇರೆ. ಮಠಗಳು ಲೋಕದ ನಾನಾ ಕಡೆಯ ಭಕ್ತರ ಕಾಣಿಕೆಯಿಂದ ನಡೆಯುತ್ತವೆ. ಅಲ್ಲಿ ಕಲಿಯುವ ಸನ್ಯಾಸಿಗಳಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನಿನಿಂದ ಬಂದವರೂ ಬಹಳ ಮಂದಿ.

ಮಠದ ಹಿಂದಿನ ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆದು ಹೋಗಿ. ಜೋಳದ ಹೊಲ ದಾಟಿದರೆ ಕ್ಯಾಂಪ್‌ನ ಮನೆಗಳು. ಅರ್ಧಕ್ಕರ್ಧ ಮನೆಗಳ ಮುಂದೆ ಪ್ರಾರ್ಥನಾ ಚಕ್ರ ತಿರುಗಿಸುತ್ತ ಕುಳಿತಿರುವವರು ಎಪ್ಪತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲೋ ದೂರದೇಶದಲ್ಲೋ ಇದ್ದಾರೆ. ಹೊರಗಿನಿಂದ ಹಣ ಬರುವ ಮನೆಗೆ ಹೊಸ ಗೇಟು ಬಂದಿರುತ್ತದೆ. ಬಾರದ ಮನೆಯ ಗೋಡೆಗೆ 1970ರ ದಶಕದ ಸುಣ್ಣವೇ ಇನ್ನೂ ಅಂಟಿಕೊಂಡಿರುತ್ತದೆ. ಎರಡೂ ಒಂದೇ ಬೀದಿಯಲ್ಲಿವೆ. ಕ್ಯಾಂಪ್‌ನವರೆಲ್ಲ ಶ್ರೀಮಂತರು ಎನ್ನುವುದು ಎಷ್ಟು ಸುಳ್ಳೋ ಎಲ್ಲರೂ ನಿರ್ಗತಿಕರು ಎನ್ನುವುದೂ ಅಷ್ಟೇ ಸುಳ್ಳು. ಯಾವ ಮನೆಗೆ ಏನು ಬೇಕು ಎಂಬುದು ಆಯಾ ಕ್ಯಾಂಪ್ ಲೀಡರಿಗೆ ಗೊತ್ತಿರುತ್ತದೆ. ಮೊದಲು ಅವರನ್ನು ಕೇಳಿ.

ನಮ್ಮವರಲ್ಲೇ ಇಷ್ಟು ಬಡತನವಿದೆ. ಮೊದಲು ಅದನ್ನು ನೋಡಬಾರದೇ?

ನೋಡಲೇಬೇಕು. ಆದರೆ ಇವೆರಡನ್ನೂ ಎದುರುಬದುರು ನಿಲ್ಲಿಸುವುದು ತಪ್ಪು ಎಂದು ನನಗೆ ಮನದಟ್ಟಾದದ್ದು ಒಂದು ನಿಜ ಚರಿತ್ರೆಯಿಂದ.

ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಹೆಸರನ್ನು ನೀವು ಕೇಳಿರಬಹುದು. ಹಳ್ಳಿಗಳ ಸ್ತ್ರೀಶಕ್ತಿ, ಸ್ವಸಹಾಯ ಗುಂಪುಗಳ ಮಾತು ಬಂದಲ್ಲೆಲ್ಲ ಆ ಹೆಸರು ಬರುತ್ತದೆ. ಅದು 1968ರಲ್ಲಿ ಹುಟ್ಟಿದಾಗ ಅದರ ಪೂರ್ಣ ಹೆಸರಿನಲ್ಲೇ ಮೈಸೂರು, ಪುನರ್ವಸತಿ, ಅಭಿವೃದ್ಧಿ ಎಂಬ ಮಾತುಗಳಿದ್ದವು. ಅದು ಹುಟ್ಟಿದ್ದೇ ಟಿಬೆಟಿಯನ್ನರನ್ನು ಈ ರಾಜ್ಯದಲ್ಲಿ ನೆಲೆಗೊಳಿಸಲು. ಆ ಕೆಲಸ ಮುಗಿಸಿ 1982ರ ಹೊತ್ತಿಗೆ ಕ್ಯಾಂಪ್‌ಗಳಿಂದ ಹಿಂದೆ ಸರಿದು ಸುತ್ತಲ ಬಡ ಹಳ್ಳಿಗಳತ್ತ ತಿರುಗಿತು. ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದ ಕಡೆ ಹದಿನೈದು ಇಪ್ಪತ್ತು ಜನರ ಸಣ್ಣ ಗುಂಪುಗಳು ತಾವೇ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವುದನ್ನು 1980ರ ದಶಕದ ನಡುವಿನಲ್ಲಿ ಅದರ ಕಾರ್ಯಕರ್ತರು ಕಂಡರು, ಬೆನ್ನಿಗೆ ನಿಂತರು. 1992ರಲ್ಲಿ ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂತಹ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿದ ಹಿಂದೆ ಆ ಅನುಭವವೂ ಇದೆ. ಇಂದು ನಮ್ಮ ಊರಿನ ಹೆಣ್ಣುಮಕ್ಕಳು ವಾರದ ಸಭೆಯಲ್ಲಿ ಪುಸ್ತಕ ಬಿಚ್ಚಿ ಕಂತು ಬರೆಯುತ್ತಾರಲ್ಲ, ಆ ಪುಸ್ತಕದ ಒಂದು ಎಳೆ ಬೈಲಕುಪ್ಪೆ, ಮುಂಡಗೋಡದ ಕ್ಯಾಂಪ್‌ಗಳ ತನಕ ಹೋಗುತ್ತದೆ. ಪರರಿಗೆಂದು ಕಲಿತ ಕೆಲಸ ನಮ್ಮವರಿಗೇ ಬಂದು ಮುಟ್ಟಿತು.

ಇಂದಿಗೂ ಕ್ಯಾಂಪ್‌ನ ಹೊಲಗಳಲ್ಲಿ, ಅಡುಗೆಮನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ಸುತ್ತಲ ಹಳ್ಳಿಯವರು ದುಡಿಯುತ್ತಾರೆ. ಕ್ಯಾಂಪ್ ಬಡವಾದರೆ ಹಳ್ಳಿಗೂ ಏಟು. ನೆರವಿನ ಯೋಜನೆ ಮಾಡುವವರಿಗೆ ನಾನು ಹೇಳುವುದು ಒಂದೇ: ಸಂಜೆಯ ಪಾಠದ ಕೋಣೆ ತೆರೆದರೆ ಪಕ್ಕದ ಆದಿವಾಸಿ ಹಾಡಿಯ ಮಕ್ಕಳಿಗೂ, ಕೂಲಿಯವರ ಮಕ್ಕಳಿಗೂ ಬಾಗಿಲು ತೆರೆದಿರಲಿ.

ಶಾಲೆಗಳನ್ನು ಯಾರು ನಡೆಸುತ್ತಾರೆ? ಅಲ್ಲಿ ಕೊರತೆ ಏನಿದೆ?

1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಟಿಬೆಟಿಯನ್ ಶಾಲೆಗಳಿಗೆಂದೇ ಸ್ವಾಯತ್ತ ಆಡಳಿತ ಮಂಡಳಿಯೊಂದು ರಚನೆಯಾಯಿತು. ಕ್ಯಾಂಪ್‌ನವರು ‘ಸೆಂಟ್ರಲ್ ಸ್ಕೂಲ್’ ಎನ್ನುವುದು ಆ ಶಾಲೆಗಳನ್ನೇ. ಕಳೆದ ದಶಕದಲ್ಲಿ ಅವುಗಳನ್ನು ಹಂತಹಂತವಾಗಿ ಟಿಬೆಟಿಯನ್ನರದೇ ಆದ ಸಂಭೋಟ ಶಾಲಾ ಸಂಸ್ಥೆಗೆ ಹಸ್ತಾಂತರಿಸಲಾಗಿದೆ. ಇವುಗಳ ಜೊತೆಗೆ 1960ರಲ್ಲಿ ಧರ್ಮಶಾಲೆಯಲ್ಲಿ ಅನಾಥ ಮಕ್ಕಳ ಪಾಲನಾ ಕೇಂದ್ರವಾಗಿ ಆರಂಭವಾದ ಟಿಬೆಟಿಯನ್ ಮಕ್ಕಳ ಗ್ರಾಮದ ವಸತಿ ಶಾಲೆ ಬೈಲಕುಪ್ಪೆಯಲ್ಲೂ ಇದೆ. ಸಿಬಿಎಸ್‌ಇ ಪಠ್ಯಕ್ರಮ. ದೇಶಾಂತರದಲ್ಲಿರುವ ಟಿಬೆಟಿಯನ್ನರ 2004ರ ಶಿಕ್ಷಣ ನೀತಿಯ ಪ್ರಕಾರ ಎಳೆಯ ತರಗತಿಗಳಲ್ಲಿ ಟಿಬೆಟಿಯನ್ ಭಾಷೆಯೇ ಮಾಧ್ಯಮ. ತಾಯ್ನಾಡು ಕೈತಪ್ಪಿದ ಜನ ತಾಯ್ನುಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಎಂದು ನೋಡಿದಾಗ, ನಮ್ಮ ಊರಿನ ಕನ್ನಡ ಶಾಲೆಯನ್ನು ನೆನೆದು ನನಗೆ ನೋವಾಗುತ್ತದೆ.

ಇಂದಿನ ಕೊರತೆ ಕಟ್ಟಡದ್ದಲ್ಲ. ಅನೇಕ ಕೋಣೆಗಳು ಖಾಲಿ ಇವೆ. 2008ರ ನಂತರ ಟಿಬೆಟ್‌ನಿಂದ ಹೊಸದಾಗಿ ಬರುವವರ ಸಂಖ್ಯೆ ತೀರ ಇಳಿಯಿತು. ಮನೆಗೆ ಒಂದೋ ಎರಡೋ ಮಕ್ಕಳು. ಕುಟುಂಬಗಳು ಹೊರದೇಶಕ್ಕೆ ಹೋಗುತ್ತಿವೆ. ಮಕ್ಕಳ ಸಂಖ್ಯೆ ಇಳಿದಂತೆ ವಿಜ್ಞಾನ, ಗಣಿತದ ಒಳ್ಳೆಯ ಶಿಕ್ಷಕರು ನಿಲ್ಲುವುದಿಲ್ಲ, ಕೆಲವು ಶಾಲೆಗಳನ್ನು ಒಟ್ಟುಗೂಡಿಸಬೇಕಾಯಿತು. ಆದರೂ ದಾನಿಗಳಿಗೆ ಕಟ್ಟಡವೇ ಬೇಕು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ಲ. ಒಬ್ಬ ಗಣಿತ ಶಿಕ್ಷಕಿಯ ಎರಡು ವರ್ಷದ ಸಂಬಳಕ್ಕೆ, ಹಾಸ್ಟೆಲ್ ವಾರ್ಡನ್‌ಗೆ, ದೂರದ ಕ್ಯಾಂಪ್‌ನಿಂದ ಮಕ್ಕಳನ್ನು ಕರೆತರುವ ವ್ಯಾನಿನ ಡೀಸೆಲ್‌ಗೆ ಹಣ ಕೊಡುವವರು ವಿರಳ. ಕೊಡುವುದಿದ್ದರೆ ಅದಕ್ಕೆ ಕೊಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಒಂದು ಮಗುವಿನ ಓದಿನ ಖರ್ಚನ್ನು ವಹಿಸಿಕೊಳ್ಳಬಹುದೇ?

ಬಹುದು. ಟಿಬೆಟಿಯನ್ ಶಾಲೆಗಳಲ್ಲಿ ಪ್ರಾಯೋಜಕತ್ವ ಬಹಳ ಹಳೆಯ ಪದ್ಧತಿ. ಎಷ್ಟೋ ಮಕ್ಕಳು ಯುರೋಪಿನ ಯಾವುದೋ ಮನೆಯವರಿಗೆ ವರ್ಷಕ್ಕೆರಡು ಪತ್ರ ಬರೆಯುತ್ತಲೇ ಬೆಳೆದಿದ್ದಾರೆ. ಆದರೆ ನನ್ನ ಮನಸ್ಸು ಹೇಳುವುದು ಬೇರೆ. ಒಂದು ಮುಖಕ್ಕೆ ಅಂಟಿದ ಹಣ ಆ ಮುಖದ ಮೇಲೆ ಭಾರವಾಗುತ್ತದೆ. ಒಬ್ಬ ಹುಡುಗ ತನ್ನ ಪ್ರಾಯೋಜಕರ ಪತ್ರ ಒಂದು ವರ್ಷ ಬಾರದಿದ್ದಾಗ ತಾನೇನು ತಪ್ಪು ಬರೆದೆನೋ ಎಂದು ಹಳೆಯ ಪತ್ರದ ಕರಡನ್ನು ನನ್ನ ಬಳಿ ತಂದು ತೋರಿಸಿದ್ದ. ಅಂದಿನಿಂದ ನಾನು ತರಗತಿಗೆ ಕೊಡಿ, ಶಾಲೆಗೆ ಕೊಡಿ, ಹೆಸರು ಕೇಳಬೇಡಿ ಎನ್ನುತ್ತೇನೆ. ಕೊಟ್ಟರೆ ಶಾಲೆ ಮುಗಿಯುವ ತನಕ ಕೊಡಿ. ನಡುವೆ ಬಿಡುವುದಕ್ಕಿಂತ ಮೊದಲೇ ಕಡಿಮೆ ಮೊತ್ತ ಒಪ್ಪಿಕೊಳ್ಳುವುದು ಮೇಲು. ಮಕ್ಕಳ ಫೋಟೊವನ್ನು ಮೊಬೈಲ್‌ನಲ್ಲಿ ಹಂಚಬೇಡಿ.

ಹನ್ನೆರಡನೇ ತರಗತಿಯ ನಂತರ?

ಅಸಲಿ ಕಂದಕ ಅಲ್ಲಿದೆ. ಶಾಲೆಯ ತನಕ ಒಂದಲ್ಲ ಒಂದು ವ್ಯವಸ್ಥೆ ಇದೆ. ಕಾಲೇಜಿಗೆ ಬಂದಾಗ ಬ್ಯಾಂಕುಗಳ ಶೈಕ್ಷಣಿಕ ಸಾಲದ ಮೊದಲ ಷರತ್ತೇ ವಿದ್ಯಾರ್ಥಿ ಭಾರತೀಯ ಪ್ರಜೆಯಾಗಿರಬೇಕು ಎಂಬುದು. 2014ರ ನೀತಿ ಟಿಬೆಟಿಯನ್ ಯುವಕರು ಯಾವ ಕೋರ್ಸಿಗೆ ಬೇಕಾದರೂ ಸೇರಬಹುದು, ಖಾಸಗಿಯಾಗಿ ನರ್ಸಿಂಗ್, ಬೋಧನೆ, ವೈದ್ಯಕೀಯ, ಎಂಜಿನಿಯರಿಂಗ್ ಮೊದಲಾದ ವೃತ್ತಿ ಮಾಡಬಹುದು ಎನ್ನುತ್ತದೆ. ಬಾಗಿಲು ತೆರೆದಿದೆ, ಆದರೆ ಒಳಗೆ ಹೋಗಲು ಶುಲ್ಕ ಕಟ್ಟುವ ಹಣವಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಬಿಡದಿಯ ಕಡೆ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆ ಇದೆ. ಆದರೆ ಎಲ್ಲ ಮಕ್ಕಳಿಗೂ ಎಲ್ಲ ವಿಷಯಗಳೂ ಒಂದೇ ಕಡೆ ಸಿಗುವುದಿಲ್ಲ. ವಿದ್ಯಾರ್ಥಿವೇತನಗಳು ಅಂಕ ಹೆಚ್ಚು ಬಂದವರಿಗೆ ಸಿಗುತ್ತವೆ. ಐವತ್ತೈದು, ಅರವತ್ತು ಶೇಕಡಾ ತೆಗೆದ ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹೋಟೆಲ್ ಕೆಲಸಕ್ಕೆ ಸೇರುತ್ತಾರೆ. ಅಂತಹ ಮಗುವಿಗೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ, ಎರಡು ವರ್ಷದ ಐಟಿಐ, ಲೆಕ್ಕಪತ್ರದ ಒಂದು ಕೋರ್ಸು ಇಡೀ ಮನೆಯ ದಿಕ್ಕನ್ನು ಬದಲಿಸುತ್ತದೆ. ಪ್ರತಿಭಾವಂತರ ಮೇಲೆಯೇ ಹಣ ಸುರಿಯುವ ಅಭ್ಯಾಸವನ್ನು ನಾವು ಬಿಡಬೇಕು.

ಇದರ ಜೊತೆಗೆ ಶುಲ್ಕದಷ್ಟೇ ದೊಡ್ಡದಾದ ಇನ್ನೊಂದು ಕಷ್ಟ ಬಾಡಿಗೆ ಮನೆ. ಆರ್‌ಸಿ ತೋರಿಸಿದ ಕೂಡಲೇ ‘ಆಮೇಲೆ ಹೇಳುತ್ತೇವೆ’ ಎನ್ನುವ ಮಾಲೀಕರು ಬಹಳ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿಮಗೊಂದು ಕೋಣೆ ಇದ್ದರೆ, ನ್ಯಾಯವಾದ ಬಾಡಿಗೆಗೆ ಕೊಡುವುದೇ ದೊಡ್ಡ ನೆರವು.

ಸ್ವೆಟರ್ ಮಾರುವವರೆಲ್ಲ ಇಲ್ಲಿಯವರೇ? ಅದರಲ್ಲಿ ಬದುಕು ನಡೆಯುತ್ತದೆಯೇ?

ಚಳಿಗಾಲದಲ್ಲಿ ಬೆಂಗಳೂರು, ಹುಬ್ಬಳ್ಳಿ, ಇನ್ನೂ ದೂರದ ಊರುಗಳ ಮೈದಾನಗಳಲ್ಲಿ ತಗಡಿನ ಶೆಡ್ಡು ಹಾಕಿ ಉಣ್ಣೆ ಬಟ್ಟೆ ಮಾರುವ ಟಿಬೆಟಿಯನ್ನರಲ್ಲಿ ಬಹಳ ಮಂದಿ ಇಂತಹ ಕ್ಯಾಂಪ್‌ಗಳವರು. ಆ ಸ್ವೆಟರ್ ಅವರು ಹೆಣೆದದ್ದಲ್ಲ, ಹೆಚ್ಚಿನದು ಪಂಜಾಬಿನ ಲೂಧಿಯಾನಾದ ಕಾರ್ಖಾನೆಗಳದು. ಮುಂಗಡ ಅಷ್ಟಿಷ್ಟು ಕೊಟ್ಟು ಉಳಿದದ್ದನ್ನು ಉದ್ದರಿಗೆ ತರುತ್ತಾರೆ, ಋತು ಮುಗಿದ ಮೇಲೆ ತೀರಿಸುತ್ತಾರೆ. ದಶಕಗಳ ನಂಬಿಕೆಯ ಮೇಲೆ ನಿಂತ ವ್ಯಾಪಾರ ಅದು.

ಒಮ್ಮೆ ಅಕ್ಟೋಬರ್‌ನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಅಜ್ಜಿ ಜಗುಲಿಯಲ್ಲಿ ಕುಳಿತು ಹೊಲಿದ ಗೋಣಿಯ ಬಾಯಿಯನ್ನು ದಬ್ಬಳದ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು. ದಾರ ತುಂಡಾಗಬಾರದು, ಅದನ್ನೇ ಮತ್ತೆ ಹೊಲಿಯಲು ಬೇಕು. ಒಳಗೆ ಮಕ್ಕಳ ಮಂಕಿ ಕ್ಯಾಪ್‌ಗಳು. ಪ್ರತಿ ಡಜನ್ನನ್ನೂ ಎಣಿಸಿ, ಹೊಲಿಗೆ ಬಿಟ್ಟ ಟೋಪಿಯನ್ನು ಬೇರೆ ಇಟ್ಟು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಟಿಬೆಟಿಯನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಕೊನೆಗೆ ಬೇರೆ ಇಟ್ಟದ್ದು ಹದಿನಾಲ್ಕು. ‘ಇವು ಮಾರುವಂಥವಲ್ಲ, ನಾನೇ ಹೊಲಿಯಬೇಕು,’ ಎಂದು ಕನ್ನಡದಲ್ಲೇ ಹೇಳಿ ಸೂಜಿ ಹುಡುಕಿದರು. ಮರುವಾರ ಅವರು, ಅವರ ಮಗ, ಸೊಸೆ ಮೂವರೂ ಹೊರಟರು. ಮನೆಯಲ್ಲಿ ಉಳಿದದ್ದು ಹದಿಮೂರರ ಮೊಮ್ಮಗಳು ಮತ್ತು ಅವಳ ತಮ್ಮ.

ಚಳಿ ಚೆನ್ನಾಗಿ ಬಿದ್ದರೆ ವರ್ಷದ ಅನ್ನ, ಬೀಳದಿದ್ದರೆ ಸಾಲ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಮನೆಗಳ ವ್ಯಾಪಾರವೇ ನಿಂತುಹೋಯಿತು. ಈಗ ಆನ್‌ಲೈನ್ ಅಂಗಡಿಗಳ ಪೈಪೋಟಿ ಬೇರೆ. ಇಲ್ಲಿ ನೆರವು ಎಂದರೆ ದಾನವಲ್ಲ, ಬಂಡವಾಳ. ಕಡಿಮೆ ಬಡ್ಡಿಗೆ, ಫೆಬ್ರವರಿಯಲ್ಲಿ ತೀರಿಸುವ ಒಪ್ಪಂದದ ಮೇಲೆ ಸಣ್ಣ ಸಾಲ ಕೊಡುವ ಗುಂಪುಗಳು, ಕ್ಯಾಂಪ್‌ಗಳ ಸಹಕಾರ ಸಂಘಗಳು ಇಂತಹ ಮನೆಗಳಿಗೆ ಆಸರೆ. ಮತ್ತೊಂದು ನೆರವು ಇನ್ನೂ ಸುಲಭ: ನಿಮ್ಮ ಊರಿಗೆ ಅವರು ಬಂದಾಗ ಅವರಲ್ಲಿ ಕೊಳ್ಳಿ, ಅತಿಯಾಗಿ ಚೌಕಾಸಿ ಮಾಡಬೇಡಿ.

ಜಮೀನಿದೆಯಲ್ಲ, ಬೇಸಾಯ ಮಾಡಬಹುದಲ್ಲ?

ಮಾಡುತ್ತಾರೆ. ಮುಸುಕಿನ ಜೋಳವೇ ಮುಖ್ಯ ಬೆಳೆ. ಮಳೆ ನಂಬಿದ ಬೇಸಾಯ, ಸಣ್ಣ ಹಿಡುವಳಿ, ಗುರುಪುರದ ಕಡೆ ಆನೆಗಳ ಕಾಟ. ಮೊದಲ ತಲೆಮಾರು ಕಾಡು ಕಡಿದು ಉತ್ತ ನೆಲವನ್ನು ಮೂರನೇ ತಲೆಮಾರಿನವರು ಉಳುವುದಿಲ್ಲ. ನಮ್ಮ ಹಳ್ಳಿಗಳ ಕಥೆಯೂ ಇದೇ ಅಲ್ಲವೇ? ಬೇಸಾಯಕ್ಕೆ ನೆರವು ಕೊಡುವವರು ಬೀಜ, ಗೊಬ್ಬರಕ್ಕಿಂತ ಒಣಗಿಸುವ ಕಣ, ಗೋದಾಮಿನತ್ತ ನೋಡಲಿ. ಕೊಯ್ಲಿನ ವಾರದಲ್ಲಿ ಮಳೆ ಬಂದರೆ ಜೋಳ ಮುಗ್ಗುಲು ಹಿಡಿದು ಸಿಕ್ಕ ಬೆಲೆಗೆ ಹೋಗುತ್ತದೆ.

ಹೊಲಿಗೆ ಯಂತ್ರ, ಕಂಪ್ಯೂಟರ್, ಹಳೆಯ ಬಟ್ಟೆ ಕಳುಹಿಸಬಹುದೇ?

ಹಳೆಯ ಬಟ್ಟೆ ಬೇಡ. ದಯವಿಟ್ಟು ಬೇಡ.

ಕಂಪ್ಯೂಟರ್ ಬಗ್ಗೆ ನನ್ನದೇ ಒಂದು ನೋವಿದೆ. ಒಂದು ಕಚೇರಿಯವರು ಹತ್ತು ಹಳೆಯ ಕಂಪ್ಯೂಟರ್ ಕೊಡುತ್ತೇವೆಂದಾಗ ನಾನೇ ಲಾರಿ ಮಾಡಿ ತಂದೆ. ನಾಲ್ಕಕ್ಕೆ ಬಿಡಿಭಾಗ ಸಿಗಲಿಲ್ಲ, ಮೂರು ಒಂದು ಮಳೆಗಾಲ ತಾಳಲಿಲ್ಲ, ಕಲಿಸುವವರೂ ಇರಲಿಲ್ಲ. ಶಾಲೆಯವರು ಸೌಜನ್ಯದಿಂದ ಒಂದು ಕೋಣೆಯನ್ನೇ ಅವುಗಳಿಗೆ ಬಿಟ್ಟುಕೊಟ್ಟರು; ಮಕ್ಕಳು ಆಡಬಹುದಾಗಿದ್ದ ಕೋಣೆ ಅದು. ಕಲಿಸುವವರು ಇಲ್ಲದ ಯಂತ್ರವನ್ನು ಎಲ್ಲಿಗೂ ಕೊಡಬಾರದು ಎಂದು ಆಗ ಕಲಿತೆ.

ಹೊಲಿಗೆ ಯಂತ್ರಕ್ಕೂ ಇದೇ ಮಾತು. ಮೊದಲು ಕೇಳಬೇಕಾದ್ದು ‘ಹೊಲಿದದ್ದನ್ನು ಕೊಳ್ಳುವವರು ಯಾರು?’ ಎಂದು. ರತ್ನಗಂಬಳಿ ನೇಯ್ಗೆಯಂತಹ ಸೊಗಸಾದ ಕಸುಬು ಕ್ಯಾಂಪ್‌ಗಳಲ್ಲಿ ಸೊರಗಿದ್ದು ಕೈಗಳಿಲ್ಲದೆ ಅಲ್ಲ, ದಿನಗಟ್ಟಲೆ ಕೂತು ಗಂಟು ಹಾಕಿದ್ದಕ್ಕೆ ಬೆಲೆ ಸಿಗದೆ. ಕೊಳ್ಳುವವರನ್ನು ಹುಡುಕಿಕೊಟ್ಟ ತರಬೇತಿ ಮಾತ್ರ ಉಳಿದಿದೆ. ಬೇಕರಿ, ಅಡುಗೆ, ವಾಹನ ಚಾಲನೆ, ಮೊಬೈಲ್ ದುರಸ್ತಿ, ವೃದ್ಧರ ಆರೈಕೆ: ಇವುಗಳಿಗೆ ಕುಶಾಲನಗರ, ಮೈಸೂರಿನಲ್ಲೇ ಬೇಡಿಕೆ ಇದೆ.

ಹಣ ಕೊಡುವಾಗ ಕಾನೂನಿನ ವಿಷಯ ಏನು ತಿಳಿದಿರಬೇಕು?

ನೀವು ಇಲ್ಲೇ ಇರುವವರಾದರೆ, ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (ಸಾಮಾನ್ಯವಾಗಿ 80ಜಿ ಎನ್ನುತ್ತಾರೆ) ಸಂಸ್ಥೆಗೆ ಇದೆಯೇ ನೋಡಿ. ಇದ್ದರೆ ಸಾಮಾನ್ಯವಾಗಿ ಕೊಟ್ಟ ಮೊತ್ತದ ಅರ್ಧಕ್ಕೆ ಮಿತಿಗೊಳಪಟ್ಟು ತೆರಿಗೆ ವಿನಾಯಿತಿ ಸಿಗುತ್ತದೆ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ರಸೀದಿಯ ಜೊತೆಗೆ ದಾನದ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ಗಮನವಿಟ್ಟು ಓದಬೇಕು. ನಿಮ್ಮದು ಭಾರತೀಯ ಪಾಸ್‌ಪೋರ್ಟ್ ಆಗಿದ್ದು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆಗೆ ಮಾತ್ರ ಕೊಡಬಹುದು. ಹಣ ಮೊದಲು ಬರಬೇಕಾದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಹಿಂದೆಲ್ಲ ದೊಡ್ಡ ಸಂಸ್ಥೆಯ ಮೂಲಕ ಕ್ಯಾಂಪ್‌ನ ಸಣ್ಣ ಸಂಘಕ್ಕೆ ಹರಿಯುತ್ತಿದ್ದ ಹಣ ಇದರಿಂದ ನಿಂತಿತು. ‘ನನ್ನ ಖಾತೆಗೆ ಹಾಕಿ, ನಾನು ತಲುಪಿಸುತ್ತೇನೆ’ ಎನ್ನುವವರಿಗೆ, ಎಷ್ಟೇ ಒಳ್ಳೆಯವರಿರಲಿ, ಕೊಡಬೇಡಿ. ಇಕ್ಕಟ್ಟಿಗೆ ಸಿಲುಕುವುದು ಕ್ಯಾಂಪ್‌ನವರು.

ಒಂದು ಸಂಸ್ಥೆ ನಂಬಿಕೆಗೆ ಯೋಗ್ಯವೇ ಎಂದು ತಿಳಿಯುವುದು ಹೇಗೆ?

ಲೆಕ್ಕಪತ್ರ ಕೇಳಿ, ಕೊಡುತ್ತಾರೋ ನೋಡಿ. ಅದಕ್ಕಿಂತ ಮುಖ್ಯವಾಗಿ, ಕ್ಯಾಂಪ್‌ಗೆ ಹೋಗಿ ಆ ಸಂಸ್ಥೆಯ ಹೆಸರನ್ನು ಚಹಾ ಅಂಗಡಿಯಲ್ಲಿ ಹೇಳಿ. ನಿಜವಾಗಿ ಕೆಲಸ ಮಾಡುವವರನ್ನು ಹೆಸರು ಹಿಡಿದು, ಕಷ್ಟಸುಖದ ಸಮೇತ ಜನ ಹೇಳುತ್ತಾರೆ.

ಕ್ಯಾಂಪ್‌ಗೆ ಹೋಗಲು ಅನುಮತಿ ಬೇಕೇ?

ಭಾರತೀಯರಿಗೆ ಬೇಡ. ವಿದೇಶಿ ಪಾಸ್‌ಪೋರ್ಟ್ ಇರುವವರು ಅಲ್ಲಿ ಉಳಿಯಬೇಕಾದರೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುವುದುಂಟು, ಮುಂಚೆಯೇ ಅರ್ಜಿ ಹಾಕಿ.

ಯುವಕರೆಲ್ಲ ಓದಿ ಹೊರದೇಶಕ್ಕೆ ಹೋಗುತ್ತಾರಂತೆ. ಮಾಡಿದ ಖರ್ಚು ವ್ಯರ್ಥವಲ್ಲವೇ?

ಹೋಗುತ್ತಾರೆ. 2009ರ ಎಣಿಕೆಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು ಸುಮಾರು 94 ಸಾವಿರ. ಈಗ ಆ ಸಂಖ್ಯೆ ಬಹಳ ಇಳಿದಿದೆ. ಆದರೆ ಸರ್ಕಾರಿ ನೌಕರಿ ಇಲ್ಲದ, ಸಾಲ ಸಿಗದ, ಮನೆ ಕೊಳ್ಳಲಾಗದ ಯುವಕನಿಗೆ ‘ಇಲ್ಲೇ ಇರು’ ಎಂದು ಹೇಳುವ ಹಕ್ಕು ನಮಗಿದೆಯೇ? ಕೊಡಗಿನ, ಮಂಗಳೂರಿನ ಮಕ್ಕಳು ಹೋದಾಗ ಹೆಮ್ಮೆ ಪಡುವ ನಾವು ಇವರು ಹೋದಾಗ ಲೆಕ್ಕ ಕೇಳಬಾರದು. ಹೋದವರು ಕಳುಹಿಸುವ ಹಣದಿಂದ ಎಷ್ಟೋ ಮನೆಗಳ ಹಿರಿಯರ ಔಷಧಿ ನಡೆಯುತ್ತಿದೆ. ಉಳಿಯಬೇಕೆನ್ನುವವರಿಗೆ ಉಳಿಯುವ ದಾರಿ ಇರಲಿ ಎಂಬುದಷ್ಟೇ ನನ್ನ ಆಸೆ.

ಸಿಂಧನೂರು, ಸುಳ್ಯದಲ್ಲೂ ಇಂತಹ ಕ್ಯಾಂಪ್‌ಗಳಿವೆಯಲ್ಲ?

ಇವೆ, ಅವರನ್ನು ನಾವು ಇನ್ನೂ ಹೆಚ್ಚು ಮರೆತಿದ್ದೇವೆ. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿದ್ದಾರೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿದ ತಮಿಳರ ಕುಟುಂಬಗಳಿವೆ. ಅಲ್ಲಿ ಪ್ರವಾಸಿಗರ ಬಸ್ಸು ನಿಲ್ಲುವುದಿಲ್ಲ, ಹೊರದೇಶದ ಪ್ರಾಯೋಜಕರಿಲ್ಲ. ಆ ಕಡೆಯವರು ನೀವಾಗಿದ್ದರೆ ಬೈಲಕುಪ್ಪೆಯ ತನಕ ಬರಬೇಡಿ. ನಿಮ್ಮ ಪಕ್ಕದ ಕ್ಯಾಂಪ್‌ಗೇ ಹೋಗಿ.

ನನ್ನ ಬಳಿ ಹಣವಿಲ್ಲ. ಕನ್ನಡ ಕಲಿಸಲು ಬರಬಹುದೇ?

ನಾನು ಕಾಯುವುದು ಈ ಪ್ರಶ್ನೆಗೇ. ಶಾಲೆ, ಆಸ್ಪತ್ರೆಗಳಿಗೆ ದೂರದೇಶದವರು ಹಣ ಕೊಟ್ಟಿದ್ದಾರೆ, ಇನ್ನೂ ಕೊಡುತ್ತಾರೆ. ಅವರು ಕೊಡಲಾಗದ್ದು ಕನ್ನಡ. ತಹಶೀಲ್ದಾರ್ ಕಚೇರಿಯ ಅರ್ಜಿ, ಎಪಿಎಂಸಿಯ ಚೀಟಿ, ಬಸ್ಸಿನ ಬೋರ್ಡು, ಆಸ್ಪತ್ರೆಯ ವಾರ್ಡು ಎಲ್ಲಕ್ಕೂ ಅದು ಬೇಕು. ಮಾತಿನ ಕನ್ನಡ ಹಲವರಿಗೆ ಬರುತ್ತದೆ, ಓದಲು ಬರೆಯಲು ಬರುವುದಿಲ್ಲ.

ನನ್ನ ತರಗತಿಯಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ನಾವು ಪಠ್ಯಪುಸ್ತಕ ಬದಿಗಿಟ್ಟು ‘ಎಲ್ಲಿ ನೋವು? ಯಾವಾಗಿನಿಂದ? ಊಟಕ್ಕೆ ಮುಂಚೆಯೋ ನಂತರವೋ?’ ಎಂಬುದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆವು. ‘ಹಲ್ಲು’ ಸುಲಭವಾಗಿ ಬಂತು, ‘ಬೆರಳು’ ಬರಲು ಮೂರು ವಾರ ಹಿಡಿಯಿತು. ಅವಳು ಮೈಸೂರಿನ ಆಸ್ಪತ್ರೆಯೊಂದಕ್ಕೆ ಸೇರಿದ ಮೇಲೆ ಒಂದು ಭಾನುವಾರ ಬಂದು ಹೇಳಿದಳು: ಹಳ್ಳಿಯಿಂದ ಬಂದಿದ್ದ ಒಬ್ಬ ಮುದುಕಿ ಅವಳ ಕೈಹಿಡಿದು ‘ನೀನು ಯಾವ ದೇಶದವಳವ್ವಾ?’ ಎಂದು ಕೇಳಿದರಂತೆ. ‘ಪಿರಿಯಾಪಟ್ಟಣ ತಾಲ್ಲೂಕಿನವಳು ಅಜ್ಜಿ,’ ಎಂದಳಂತೆ ಇವಳು. ಮುದುಕಿ ಒಂದು ಕ್ಷಣ ದಿಟ್ಟಿಸಿ ನೋಡಿ, ‘ಹಾಗಾದರೆ ನಮ್ಮ ಕಡೆಯವಳೇ,’ ಎಂದು ಮಾತ್ರೆ ನುಂಗಿದರಂತೆ.

ಯಾವಾಗ ಬರಬೇಕು?

ಮಠದ ಹಬ್ಬಗಳಿಗೆ, ಫೆಬ್ರವರಿ–ಮಾರ್ಚ್‌ನ ಲೋಸಾರ್ ಹೊಸ ವರ್ಷಕ್ಕೆ ಎಲ್ಲರೂ ಬರುತ್ತಾರೆ. ನೀವು ನವೆಂಬರ್‌ನಲ್ಲಿ ಬನ್ನಿ. ಆಗ ಸ್ವೆಟರ್ ಮಾರಲು ಹೋದ ಮನೆಗಳಲ್ಲಿ ಮಕ್ಕಳು ಮತ್ತು ನಡೆಯಲಾರದ ಹಿರಿಯರು ಮಾತ್ರ ಉಳಿದಿರುತ್ತಾರೆ. ಸಂಜೆ ಐದರಿಂದ ಏಳರ ತನಕ ಮಕ್ಕಳ ಜೊತೆ ಕುಳಿತು ಲೆಕ್ಕ, ವಿಜ್ಞಾನ ಹೇಳಿಕೊಡುವವರು ಆಗ ಬೇಕಾಗುತ್ತಾರೆ. ವಾರಕ್ಕೆ ಒಂದೇ ದಿನವಾದರೂ ಸಾಕು, ಆದರೆ ಆ ದಿನ ತಪ್ಪಿಸಬೇಡಿ. ಮೈಸೂರು–ಕುಶಾಲನಗರ ಬಸ್ಸಿನಲ್ಲಿ ಬೈಲಕುಪ್ಪೆಯಲ್ಲಿ ಇಳಿದರೆ ಕ್ಯಾಂಪ್‌ಗಳಿಗೆ ಆಟೊ ಸಿಗುತ್ತದೆ. ಮೊದಲ ಸಲ ಬರುವಾಗ ವಸಾಹತು ಕಚೇರಿಗೆ ಹೋಗಿ ಹೆಸರು, ವಿಳಾಸ ಕೊಟ್ಟು, ಯಾವ ಕ್ಯಾಂಪ್‌ನಲ್ಲಿ ಮಕ್ಕಳು ಹೆಚ್ಚಿದ್ದಾರೆ ಎಂದು ಕೇಳಿಕೊಳ್ಳಿ. ಟಾರ್ಚ್ ತನ್ನಿ, ಸಂಜೆ ಏಳಕ್ಕೆ ಜೋಳದ ಹೊಲದ ರಸ್ತೆ ಕತ್ತಲಾಗಿರುತ್ತದೆ.